ಹಳೆಯ ವ್ಯಾನಿನ ಹಿಂಬದಿಯ ಹೀಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿನ ಉತ್ತರಗಳು ಎಂಜಿನ್ನಿನ ಬಿಸಿನೀರಿನಿಂದಲೇ ನಡೆಯುವ, ಮುಂದೊಂದು ಹಿಂದೊಂದು ಹೀಟರ್ ಇರುವ ಹಳೆಯ ಪ್ರಯಾಣಿಕ ವ್ಯಾನುಗಳಿಗೆ ಸಂಬಂಧಿಸಿದವು. ಡೀಸೆಲನ್ನು ತಾನೇ ಸುಟ್ಟು ಬಿಸಿಗಾಳಿ ಕೊಡುವ ಪ್ರತ್ಯೇಕ ಹೀಟರಿನ ರಚನೆಯೇ ಬೇರೆ; ಅದಕ್ಕೆ ಈ ಮಾತುಗಳು ಹೊಂದುವುದಿಲ್ಲ.

ಕರಾವಳಿಯ ಸೆಕೆಯಲ್ಲಿ ಹೀಟರಿನ ಚಿಂತೆ ಏಕೆ?

ಕಾರವಾರದಲ್ಲಿ ನಿಂತು ಕೇಳಿದರೆ ಈ ಪ್ರಶ್ನೆ ಸರಿಯಾದದ್ದೇ. ಆದರೆ ಕಾರವಾರದ ವ್ಯಾನು ಕಾರವಾರದಲ್ಲೇ ಉಳಿಯುವುದಿಲ್ಲ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿರುವ ಶಿರಸಿಗೆ ಡಿಸೆಂಬರಿನ ನಸುಕಿನಲ್ಲಿ ಹೊರಟವರಿಗೆ, ಜೋಯಿಡಾದ ಕಾಡಿನ ರಸ್ತೆಯಲ್ಲಿ ಬೆಳಗಾಗುವ ಮುನ್ನ ಸಾಗುವವರಿಗೆ, ಮಕ್ಕಳು ಮುದುಕರನ್ನು ಕೂರಿಸಿಕೊಂಡು ಉತ್ತರ ಭಾರತದ ಯಾತ್ರೆಗೆ ಹೋಗುವವರಿಗೆ ಹಿಂದಿನ ಸೀಟಿನ ಚಳಿ ಚೆನ್ನಾಗಿ ಗೊತ್ತು. ಮಳೆಗಾಲದಲ್ಲಿ ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟ ಹತ್ತುವಾಗ ಹತ್ತು ಜನರ ಒದ್ದೆ ಬಟ್ಟೆಯ ಆವಿಯೆಲ್ಲ ಗಾಜಿಗೆ ಕೂತು ಹೊರಗಿನದೇನೂ ಕಾಣದಂತಾಗುವುದು ಇನ್ನೊಂದು ಕಾರಣ.

ಇವೆಲ್ಲಕ್ಕಿಂತ ಮುಖ್ಯವಾದದ್ದು ಬೇರೆಯೇ ಇದೆ. ನೀವು ಹೀಟರನ್ನು ವರ್ಷಕ್ಕೊಮ್ಮೆಯೂ ಹಾಕದಿರಬಹುದು. ಆದರೂ ಎಂಜಿನ್ನಿನ ಬಿಸಿನೀರು ಒತ್ತಡದೊಂದಿಗೆ ಆ ಪೈಪುಗಳಲ್ಲಿ ಇದ್ದೇ ಇರುತ್ತದೆ. ಬೇಡವಾದ ಹೀಟರಿನ ಪೈಪು ಒಡೆದರೂ ಬೇಕಾದ ಎಂಜಿನ್ನು ಸೀಜ್ ಆಗುತ್ತದೆ.

ಹಿಂದಿನ ಹೀಟರ್ ಕೆಲಸ ಮಾಡುವುದು ಹೇಗೆ?

ನಮ್ಮ ಕಡೆಯ ಮನೆಗಳ ಬಚ್ಚಲ ಹಂಡೆಯನ್ನು ನೆನೆಸಿಕೊಳ್ಳಿ. ಒಲೆ ಉರಿಯುವುದು ಬೇರೆ ಕೆಲಸಕ್ಕಲ್ಲ. ಆದರೆ ವ್ಯಾನಿನಲ್ಲಿ ಒಲೆ ಎಂದರೆ ಎಂಜಿನ್ನು, ಅದು ಉರಿಯುವುದು ಗಾಡಿ ಎಳೆಯುವುದಕ್ಕೆ, ನೀರು ಬಿಸಿಯಾಗುವುದು ಅದರ ಜೊತೆಗೆ ಬಂದ ಫಲ. ಆ ನೀರಿನ ಒಂದು ಪಾಲನ್ನು ವಾಟರ್ ಪಂಪು ಹೀಟರಿನ ಕಡೆಗೆ ತಳ್ಳುತ್ತದೆ. ಮುಂದೆ ಒಂದು ಕವಲು ಒಡೆದು, ಒಂದು ದಾರಿ ಡ್ಯಾಶ್‌ಬೋರ್ಡಿನ ಒಳಗಿನ ಹೀಟರಿಗೂ ಇನ್ನೊಂದು ದಾರಿ ನೆಲದ ಕೆಳಗಿನ ಉದ್ದನೆಯ ಪೈಪಿನಲ್ಲಿ ಹಿಂದಿನ ಹೀಟರಿಗೂ ಹೋಗುತ್ತದೆ. ಅಲ್ಲಿ ಚಿಕ್ಕ ರೇಡಿಯೇಟರಿನಂತಿರುವ ಕಾಯಿಲಿನೊಳಗೆ ನೀರು ಹರಿಯುವಾಗ ಬ್ಲೋವರ್ ಅದರ ಮೇಲೆ ಗಾಳಿ ಊದುತ್ತದೆ. ಬಿಸಿ ಕೊಟ್ಟ ನೀರು ಇನ್ನೊಂದು ಪೈಪಿನಿಂದ ಪಂಪಿಗೆ ಮರಳುತ್ತದೆ.

ಅಡಿಕೆ ತೋಟಕ್ಕೆ ನೀರು ಬಿಟ್ಟವರಿಗೆ ಇಲ್ಲಿನ ತೊಡಕು ತಾನಾಗಿಯೇ ಹೊಳೆಯುತ್ತದೆ. ಪಂಪಿನ ಪಕ್ಕದ ಸಾಲಿಗೆ ನೀರು ಹೇಗೂ ಸಿಗುತ್ತದೆ. ಎಲ್ಲಿಯಾದರೂ ಸ್ವಲ್ಪ ಕಟ್ಟಿಕೊಂಡರೆ ಮೊದಲು ಒಣಗುವುದು ಕೊನೆಯ ಸಾಲು. ಹಿಂದಿನ ಹೀಟರ್ ಈ ವ್ಯವಸ್ಥೆಯ ಕೊನೆಯ ಸಾಲು. ಆದ್ದರಿಂದ ಅದು ತಣ್ಣಗಾಯಿತು ಎಂದರೆ ದೋಷ ಅದರಲ್ಲೇ ಇರಬೇಕೆಂದಿಲ್ಲ. ಎಂಜಿನ್ನಿನ ತಂಪುಗೊಳಿಸುವ ವ್ಯವಸ್ಥೆಯ ಕಾಯಿಲೆಯನ್ನು ಎಲ್ಲಕ್ಕಿಂತ ಮೊದಲು ಹೇಳುವುದು ಅದೇ.

ಮುಂದೆ ಬಿಸಿ ಬರುತ್ತದೆ, ಹಿಂದೆ ತಣ್ಣನೆಯ ಗಾಳಿ ಬರುತ್ತದೆ. ಎಲ್ಲಿಂದ ಆರಂಭಿಸಬೇಕು?

ಕಾಯಿಲಿಗೆ ಹೋಗುವ ಎರಡು ರಬ್ಬರ್ ಹೋಸುಗಳಿಂದ. ಎಂಜಿನ್ನು ಪೂರ್ತಿ ಬಿಸಿಯಾಗುವಂತೆ ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಹಿಂದಿನ ಹೀಟರನ್ನು ಪೂರ್ಣ ಬಿಸಿಗೆ ಇಟ್ಟು, ಎಂಜಿನ್ನು ನಿಲ್ಲಿಸಿದ ಕೂಡಲೇ ಎರಡನ್ನೂ ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿ ಇರಬಹುದಾದ್ದರಿಂದ ಮೊದಲು ಬೆರಳ ತುದಿ ತಾಗಿಸಿ, ಆಮೇಲೆ ಹಿಡಿಯಿರಿ.

ಎರಡೂ ಹೋಸುಗಳು ಚೆನ್ನಾಗಿ ಬಿಸಿಯಾಗಿದ್ದು ಗಾಳಿ ಮಾತ್ರ ತಣ್ಣಗಿದ್ದರೆ ನೀರು ತನ್ನ ಕೆಲಸ ಮಾಡುತ್ತಿದೆ. ದೋಷ ಗಾಳಿಯ ದಾರಿಯಲ್ಲಿದೆ. ಹಿಂದಿನ ಎಸಿ ಮತ್ತು ಹೀಟರ್ ಒಂದೇ ಪೆಟ್ಟಿಗೆಯಲ್ಲಿರುವ ವ್ಯಾನುಗಳಲ್ಲಿ ಬಿಸಿ ಮತ್ತು ತಂಪು ಗಾಳಿಯನ್ನು ಬದಲಿಸುವ ಪ್ಲಾಸ್ಟಿಕ್ ಬಾಗಿಲು ತಂಪಿನ ಕಡೆಗೇ ಸಿಕ್ಕಿಕೊಂಡಿರುತ್ತದೆ, ಇಲ್ಲವೇ ಅದರ ಕೇಬಲ್ ಕಳಚಿರುತ್ತದೆ. ಒಂದು ಹೋಸು ಬಿಸಿ, ಇನ್ನೊಂದು ತಣ್ಣಗೆ ಇದ್ದರೆ ನೀರು ಕಾಯಿಲಿನ ಬಾಗಿಲವರೆಗೆ ಬಂದು ಒಳಗೆ ಹೋಗಲಾಗದೆ ನಿಂತಿದೆ. ಕಾಯಿಲು ಕಟ್ಟಿರಬಹುದು ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿರಬಹುದು. ಎರಡೂ ತಣ್ಣಗಿದ್ದರೆ ನೀರು ಹಿಂದಕ್ಕೆ ಬಂದೇ ಇಲ್ಲ. ಆಗ ಮುಂದಿನ ಕವಲಿನ ಬಳಿ ಹಿಂದಿನ ಹೀಟರಿಗೆ ನೀರು ಬಿಡುವ ವಾಲ್ವು, ನೆಲದ ಕೆಳಗಿನ ಪೈಪು, ನೀರಿನ ಮಟ್ಟ, ಈ ಕ್ರಮದಲ್ಲಿ ನೋಡಬೇಕು.

ಐದು ನಿಮಿಷದ ಈ ಪರೀಕ್ಷೆಗೆ ಒಂದು ಸ್ಪ್ಯಾನರೂ ಬೇಡ. ಹಾಗಿದ್ದೂ ಇದನ್ನು ಬಿಟ್ಟು ನೇರವಾಗಿ ಹಿಂದಿನ ಪ್ಯಾನೆಲ್ ಬಿಚ್ಚಲು ಕೂರುವವರೇ ಹೆಚ್ಚು.

ವಾಲ್ವು ಕೆಟ್ಟಿದೆಯೆಂದು ತಿಳಿಯುವುದು ಹೇಗೆ?

ವಾಲ್ವಿನ ಮುಂದಿನ ಹೋಸು ಬಿಸಿ, ಅದನ್ನು ದಾಟಿದ ಹೋಸು ತಣ್ಣಗೆ ಇದ್ದರೆ ವಾಲ್ವು ತೆರೆದಿಲ್ಲ. ಕೇಬಲ್ಲಿನದಾದರೆ ಒಬ್ಬರು ಲಿವರ್ ಎಳೆಯುವಾಗ ಇನ್ನೊಬ್ಬರು ವಾಲ್ವಿನ ಕೈ ತಿರುಗುವುದೋ ನೋಡಬೇಕು. ವರ್ಷಗಟ್ಟಲೆ ಮುಚ್ಚಿಯೇ ಇದ್ದ ವಾಲ್ವು ಕರಾವಳಿಯ ಗಾಡಿಗಳಲ್ಲಿ ತುಕ್ಕಿನಿಂದ ಹಾಗೆಯೇ ಕಚ್ಚಿಕೊಂಡಿರುತ್ತದೆ. ಬಲವಾಗಿ ತಿರುಗಿಸಿದರೆ ಹಳೆಯ ಪ್ಲಾಸ್ಟಿಕ್ ವಾಲ್ವು ಮುರಿದು ಬಿಸಿನೀರು ಚಿಮ್ಮುತ್ತದೆ, ಆದ್ದರಿಂದ ಎಂಜಿನ್ನು ತಣಿದ ಮೇಲೆಯೇ ಕೈ ಹಾಕಿ.

ಮುಂದೂ ಹಿಂದೂ ಉಗುರುಬೆಚ್ಚಗಿನ ಗಾಳಿ ಮಾತ್ರ ಬರುತ್ತದೆ. ಇದಕ್ಕೇನು ಕಾರಣ?

ನಮ್ಮ ಜಿಲ್ಲೆಯ ಹಳೆಯ ವ್ಯಾನುಗಳ ಮಟ್ಟಿಗೆ ನಾನು ಮೊದಲು ಅನುಮಾನಿಸುವುದು ಥರ್ಮೋಸ್ಟಾಟನ್ನು. ಅದು ಕೆಟ್ಟಿರುವುದನ್ನಲ್ಲ, ಇಲ್ಲದಿರುವುದನ್ನು.

ಥರ್ಮೋಸ್ಟಾಟ್ ಎಂದರೆ ಮೇಣ ತುಂಬಿದ ಒಂದು ಸಣ್ಣ ಬಾಗಿಲು. ಎಂಜಿನ್ನು ತಣ್ಣಗಿರುವಾಗ ಅದು ರೇಡಿಯೇಟರಿನ ದಾರಿಯನ್ನು ಮುಚ್ಚಿರುತ್ತದೆ. ನೀರು ಎಂಜಿನ್ನು ಮತ್ತು ಹೀಟರುಗಳ ನಡುವೆಯೇ ಸುತ್ತಿ ಬೇಗ ಬಿಸಿಯಾಗುತ್ತದೆ. ನೀರು ಸಾಮಾನ್ಯವಾಗಿ 82 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಬಂದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ, ಆಗ ರೇಡಿಯೇಟರಿನ ದಾರಿ ತೆರೆಯುತ್ತದೆ. ಈ ಬಾಗಿಲನ್ನು ಕಿತ್ತು ಹಾಕಿದರೆ ನೀರು ಮೊದಲ ನಿಮಿಷದಿಂದಲೇ ರೇಡಿಯೇಟರಿಗೆ ಹೋಗಿ ತಣಿಯುತ್ತದೆ. ಘಟ್ಟದ ಮೇಲಿನ ತಂಪು ಬೆಳಗಿನಲ್ಲಿ ಅಂಥ ಎಂಜಿನ್ನು ಯಲ್ಲಾಪುರ ಮುಟ್ಟುವವರೆಗೂ ಸರಿಯಾಗಿ ಬಿಸಿಯೇರುವುದಿಲ್ಲ. ಬಿಸಿಯೇ ಇಲ್ಲದ ನೀರಿನಿಂದ ಹೀಟರ್ ಏನನ್ನು ತಾನೇ ಕೊಟ್ಟೀತು?

ಹಾಗಾದರೆ ಅದನ್ನು ತೆಗೆಯುವುದೇಕೆ? ಗಾಡಿ ಒಮ್ಮೆ ಹೀಟ್ ಆಯಿತೆಂದರೆ ಥರ್ಮೋಸ್ಟಾಟ್ ತೆಗೆದುಬಿಡುವುದು ನಮ್ಮ ಅನೇಕ ಗ್ಯಾರೇಜುಗಳ ಹಳೆಯ ರೂಢಿ. ಸೆಕೆಯ ಊರಿಗೆ ಅದು ಬೇಡ ಎಂಬ ಮಾತೂ ಜೊತೆಗೆ ಬರುತ್ತದೆ. ನನ್ನ ವ್ಯಾನಿನದನ್ನೂ ಹೀಗೆಯೇ ತೆಗೆದಿದ್ದರು, ತೆಗೆದದ್ದನ್ನು ನನಗೆ ಹೇಳಿರಲಿಲ್ಲ. ಎರಡು ಚಳಿಗಾಲ ನಾನು ಹಿಂದಿನ ಕಾಯಿಲನ್ನು ತೊಳೆಯುತ್ತಲೇ ಕಳೆದೆ. ಥರ್ಮೋಸ್ಟಾಟಿನ ಮನೆ ಬಿಚ್ಚಿ ನೋಡಿದಾಗ ಒಳಗೆ ಬರೀ ಗ್ಯಾಸ್ಕೆಟ್ ಇತ್ತು.

ಈ ರೂಢಿಯಿಂದ ಉದ್ದೇಶವೂ ಈಡೇರುವುದಿಲ್ಲ ಎಂಬುದನ್ನು ಗಮನಿಸಬೇಕು. ಅನೇಕ ಎಂಜಿನ್ನುಗಳಲ್ಲಿ ಥರ್ಮೋಸ್ಟಾಟಿಗೆ ಎರಡು ತಟ್ಟೆಗಳಿದ್ದು, ಒಂದು ರೇಡಿಯೇಟರಿನ ದಾರಿ ತೆರೆಯುವಾಗ ಇನ್ನೊಂದು ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ಬೈಪಾಸ್ ಸದಾ ತೆರೆದೇ ಉಳಿದು, ಒಂದಷ್ಟು ನೀರು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ಮರಳುತ್ತದೆ. ಅಂದರೆ ಬೆಳಿಗ್ಗೆ ಶಿರಸಿಯಲ್ಲಿ ಬಿಸಿಯಾಗದ ಅದೇ ಗಾಡಿ, ಏಪ್ರಿಲಿನ ಮಧ್ಯಾಹ್ನ ಘಟ್ಟ ಹತ್ತುವಾಗ ಅತಿಯಾಗಿ ಬಿಸಿಯಾಗಬಹುದು. ತಣ್ಣಗೆ ಓಡುವ ಎಂಜಿನ್ನು ಇಂಧನವನ್ನೂ ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ.

ಥರ್ಮೋಸ್ಟಾಟ್ ಸರಿಯಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಬಹುದೇ?

ಬಹುದು. ಕಳಚುವ ಮುನ್ನ, ತಣ್ಣಗಿನ ಎಂಜಿನ್ನನ್ನು ಚಾಲೂ ಮಾಡಿ ರೇಡಿಯೇಟರಿನ ಮೇಲಿನ ಹೋಸು ಮುಟ್ಟುತ್ತಿರಿ. ಅದು ಬಹಳ ಹೊತ್ತು ತಣ್ಣಗಿದ್ದು ಆಮೇಲೆ ಒಮ್ಮೆಗೇ ಬಿಸಿಯಾದರೆ ಥರ್ಮೋಸ್ಟಾಟ್ ಇದೆ, ಕೆಲಸವನ್ನೂ ಮಾಡುತ್ತಿದೆ. ಆರಂಭದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ಅದು ತೆರೆದೇ ನಿಂತಿದೆ, ಇಲ್ಲವೇ ಅಲ್ಲಿ ಇಲ್ಲ.

ಕಳಚಿದ ಮೇಲೆ ಪಾತ್ರೆಯ ನೀರಿನಲ್ಲಿ ದಾರದಿಂದ ತೂಗುಬಿಟ್ಟು ಒಲೆಯ ಮೇಲಿಟ್ಟು ಥರ್ಮಾಮೀಟರಿನೊಂದಿಗೆ ನೋಡಬೇಕು. ಅದರ ಮೇಲೆ ಕೊರೆದಿರುವ ಡಿಗ್ರಿಯ ಹತ್ತಿರ ಬಾಗಿಲು ಬಿಡಲು ಆರಂಭಿಸಿ, ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲೆ ಪೂರ್ತಿ ತೆರೆಯಬೇಕು. ಶಿರಸಿಯ ಎತ್ತರದಲ್ಲಿ ನೀರು ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ನೂರರ ವರೆಗೆ ಕಾಯುತ್ತ ಕೂರಬೇಡಿ. ಆ ಪಾತ್ರೆಯನ್ನು ಮತ್ತೆ ಅಡಿಗೆಗೆ ಬಳಸಬಾರದು, ಏಕೆಂದರೆ ಎಂಜಿನ್ನಿನ ನೀರಿಗೆ ಬೆರೆಸುವ ಕೂಲಂಟ್ ವಿಷ.

ನೀರು ಬದಲಿಸಿದ ನಂತರ ಹಿಂದಿನ ಹೀಟರ್ ಕೆಲಸ ನಿಲ್ಲಿಸಿದೆ. ಏನಾಗಿರಬಹುದು?

ಏರ್ ಲಾಕ್. ಹಿಂದಿನ ಪೈಪು ನೆಲದ ಕೆಳಗೆ ಇಳಿದು ಸೀಟಿನ ಪಕ್ಕದಲ್ಲೋ ಹಿಂದಿನ ಪ್ಯಾನೆಲಿನಲ್ಲೋ ಮತ್ತೆ ಮೇಲೇರುತ್ತದೆ. ಮೇಲೇರಿದ ಆ ಜಾಗದಲ್ಲಿ ಗಾಳಿಯ ಗುಳ್ಳೆ ಕೂತರೆ ಪಂಪಿಗೆ ಅದನ್ನು ತಳ್ಳುವ ಶಕ್ತಿ ಇರುವುದಿಲ್ಲ. ಹೀಟರಿನ ಒಳಗಿನಿಂದ ಗುಳುಗುಳು ಸದ್ದು ಕೇಳಿಸುವುದೂ ಉಂಟು.

ಗಾಳಿ ಬಿಡಿಸಲು ಇಳಿಜಾರು ಬೇಕು, ನಮ್ಮಲ್ಲಿ ಅದಕ್ಕೇನೂ ಕೊರತೆಯಿಲ್ಲ. ಎಂಜಿನ್ನು ತಣ್ಣಗಿರುವಾಗ ವ್ಯಾನಿನ ಮೂತಿ ಮೇಲಿರುವಂತೆ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆದು ಚಕ್ರಗಳಿಗೆ ಕಲ್ಲು ಕೊಡಿ. ರೇಡಿಯೇಟರಿನ ಮುಚ್ಚಳ ತೆಗೆದು, ಎರಡೂ ಹೀಟರುಗಳನ್ನು ಪೂರ್ಣ ಬಿಸಿಗೆ ಇಟ್ಟು, ಕೂಲಂಟನ್ನು ಅವಸರವಿಲ್ಲದೆ ಸುರಿಯುತ್ತ ಹೀಟರಿನ ಹೋಸುಗಳನ್ನು ಕೈಯಿಂದ ಹಿಚುಕುತ್ತಿರಿ. ಗುಳ್ಳೆ ಬರುವುದು ನಿಂತ ಮೇಲೆ ಎಂಜಿನ್ನು ಚಾಲೂ ಮಾಡಿ, ಮಟ್ಟ ಇಳಿದಂತೆ ತುಂಬಿಸಿ, ಥರ್ಮೋಸ್ಟಾಟ್ ತೆರೆಯುವ ಹೊತ್ತಿಗೆ ಮುಚ್ಚಳ ಹಾಕಿಬಿಡಿ. ಹಿಂದಿನ ಕಾಯಿಲು ರೇಡಿಯೇಟರಿಗಿಂತ ಎತ್ತರದಲ್ಲಿದ್ದರೆ ಇಷ್ಟರಿಂದ ಆಗುವುದಿಲ್ಲ. ಆಗ ತಣ್ಣಗಿನ ಎಂಜಿನ್ನಿನಲ್ಲೇ ಕಾಯಿಲಿನ ಮೇಲಿನ ಹೋಸನ್ನು ಸಡಿಲಿಸಿ, ಆಲಿಕೆಯಿಂದ ಅಲ್ಲಿಯೇ ಕೂಲಂಟ್ ತುಂಬಿಸಿ, ಹೋಸು ಮತ್ತೆ ಕೂರಿಸುವುದು ಸುಲಭದ ದಾರಿ. ಮರುದಿನ ಬೆಳಿಗ್ಗೆ ಮಟ್ಟವನ್ನು ಇನ್ನೊಮ್ಮೆ ನೋಡಲೇಬೇಕು.

ಬಿಸಿ ಎಂಜಿನ್ನಿನ ಮುಚ್ಚಳವನ್ನು ಯಾವ ಕಾರಣಕ್ಕೂ ತೆಗೆಯಬಾರದು. ಒತ್ತಡದಲ್ಲಿ ನೂರು ಡಿಗ್ರಿ ದಾಟಿಯೂ ಕುದಿಯದೆ ನಿಂತಿದ್ದ ನೀರು, ಒತ್ತಡ ಹೋದ ಕ್ಷಣ ಆವಿಯಾಗಿ ಮುಖಕ್ಕೆ ಹಾರುತ್ತದೆ.

ಗಾಳಿ ಬಿಡಿಸಿದರೂ ಎರಡು ದಿನಕ್ಕೆ ಮತ್ತೆ ಅದೇ ಸ್ಥಿತಿ. ಏಕೆ?

ಗಾಳಿ ಎಲ್ಲಿಂದಲೋ ಬರುತ್ತಿದೆ, ಅಥವಾ ನೀರು ಎಲ್ಲಿಗೋ ಹೋಗುತ್ತಿದೆ. ಮೊದಲು ಸೋರಿಕೆ ಹುಡುಕಿ, ಮುಚ್ಚಳದ ರಬ್ಬರ್ ನೋಡಿ. ಹೊರಗೆ ಎಲ್ಲಿಯೂ ಹನಿಯಿಲ್ಲದೆ, ತಣ್ಣಗಿನ ಎಂಜಿನ್ನು ಚಾಲೂ ಮಾಡಿದ ಕೂಡಲೇ ರೇಡಿಯೇಟರಿನಲ್ಲಿ ಒಂದೇ ಸಮನೆ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಬ್ಲಾಕಿಗೂ ಹೆಡ್ಡಿಗೂ ನಡುವಿನ ಸೀಲು) ಹೋಗಿರುವ ಸಾಧ್ಯತೆ ದೊಡ್ಡದು. ಅಲ್ಲಿಗೆ ಇದು ಹೀಟರಿನ ಸಮಸ್ಯೆಯಾಗಿ ಉಳಿಯುವುದಿಲ್ಲ. ನೀರು ತೀರ ಕಡಿಮೆಯಾದಾಗ ಟೆಂಪರೇಚರ್ ಮೀಟರಿನ ಸೆನ್ಸರು ನೀರಿನಿಂದ ಹೊರಗುಳಿದು, ಎಂಜಿನ್ನು ಬೇಯುತ್ತಿದ್ದರೂ ಮುಳ್ಳು ಕೆಳಗೇ ಇರಬಹುದು. ಬಿಸಿ ಬರುತ್ತಿದ್ದ ಹೀಟರ್ ದಾರಿಯಲ್ಲಿ ಇದ್ದಕ್ಕಿದ್ದಂತೆ ತಣ್ಣಗಾದರೆ ಮೀಟರನ್ನು ನಂಬದೆ ಗಾಡಿ ನಿಲ್ಲಿಸಿ.

ನೆಲದ ಕೆಳಗಿನ ಪೈಪುಗಳ ಬಗ್ಗೆ ಇಷ್ಟು ಎಚ್ಚರಿಕೆ ಏಕೆ?

ಕರಾವಳಿಯಲ್ಲಿ ಓಡಿದ ವ್ಯಾನಿನ ಹಿಂದಿನ ಹೀಟರ್ ಸಾಯುವುದು ಹೆಚ್ಚಾಗಿ ಇಲ್ಲಿಯೇ ಎಂಬ ಕಾರಣಕ್ಕೆ. ಕಾರವಾರದಲ್ಲಿ ಹೆದ್ದಾರಿ 66 ರವೀಂದ್ರನಾಥ ಟ್ಯಾಗೋರ್ ಕಡಲತೀರದ ಮಗ್ಗುಲಲ್ಲೇ ಹೋಗುತ್ತದೆ. ಉಪ್ಪುಗಾಳಿ, ಜೂನಿನಿಂದ ಸೆಪ್ಟೆಂಬರಿನವರೆಗಿನ ಬಿಡದ ಮಳೆ, ಕೆಮ್ಮಣ್ಣಿನ ರಾಡಿ, ಇವು ಮೂರೂ ಸೇರಿ ಗಾಡಿಯ ಅಡಿಭಾಗವನ್ನು ತಿನ್ನುತ್ತವೆ. ಉಪ್ಪು ತೇವವನ್ನು ಹಿಡಿದಿಟ್ಟುಕೊಂಡು ತುಕ್ಕಿನ ಕ್ರಿಯೆಯನ್ನು ಚುರುಕುಗೊಳಿಸುತ್ತದೆ; ಆದ್ದರಿಂದ ಘಟ್ಟದ ಮೇಲಿನ ಗಾಡಿಯ ಕಬ್ಬಿಣದ ಪೈಪು ಬಾಳಿದಷ್ಟು ಕಾಲ ಕೆಳಗಿನದು ಬಾಳುವುದಿಲ್ಲ.

ತುಕ್ಕು ಪೈಪಿನ ಉದ್ದಕ್ಕೂ ಒಂದೇ ಬಗೆಯಲ್ಲಿ ಹಿಡಿಯುವುದಿಲ್ಲ. ಪೈಪನ್ನು ಚಾಸಿಗೆ ಕಟ್ಟಿದ ಬ್ರ್ಯಾಕೆಟ್ಟಿನ ಒಳಗೆ, ಅಲ್ಲಿನ ರಬ್ಬರ್ ಪಟ್ಟಿಯ ಅಡಿಯಲ್ಲಿ, ಹಿಂದಿನ ಚಕ್ರ ರಾಡಿ ಎರಚುವ ಜಾಗದಲ್ಲಿ, ರಬ್ಬರ್ ಹೋಸು ಕಬ್ಬಿಣದ ಪೈಪನ್ನು ಸೇರುವ ತುದಿಯಲ್ಲಿ ಹುಡುಕಬೇಕು. ಹೊರಗೆ ಚೆನ್ನಾಗಿ ಕಾಣುವ ಪೈಪಿನ ಬ್ರ್ಯಾಕೆಟ್ ಸರಿಸಿದರೆ ಸ್ಕ್ರೂಡ್ರೈವರ್ ನೇರ ಒಳಗೆ ಹೋಗುವುದನ್ನು ನೋಡಿದ್ದೇನೆ. ಮೊದಲ ಲಕ್ಷಣ ನೆಲದ ಮೇಲಿನ ನೀರಲ್ಲ: ರಂಧ್ರ ಸೂಜಿಮೊನೆಯಷ್ಟಿರುವಾಗ ಬಿಸಿ ಸೈಲೆನ್ಸರಿನ ಮೇಲೆ ಬಿದ್ದ ಹನಿ ಅಲ್ಲೇ ಆವಿಯಾಗುತ್ತದೆ. ಕೂಲಂಟಿನ ತೊಟ್ಟಿಯಲ್ಲಿ ವಾರಕ್ಕಿಷ್ಟು ಮಟ್ಟ ಇಳಿಯುವುದು, ಬ್ರ್ಯಾಕೆಟ್ಟಿನ ಸುತ್ತ ಕೂಲಂಟಿನ ಬಣ್ಣದ ಹುಡಿ ಕಟ್ಟುವುದು, ಇವೇ ಸುಳಿವು.

ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಡೆಯ ಹಳೆಯ ವ್ಯಾನು ಕೊಳ್ಳುವವರು ಕಾಯಿಲಿಗೆ ಹಣ ಹಾಕುವ ಮುನ್ನ ಗಾಡಿಯನ್ನು ರ‍್ಯಾಂಪಿನ ಮೇಲೆ ಹತ್ತಿಸಿ ಕೆಳಗಿನಿಂದ ನೋಡಿಸಬೇಕು. ಹೊಸ ಕಾಯಿಲು ಹಾಕಿ ವ್ಯವಸ್ಥೆಯಲ್ಲಿ ಒತ್ತಡ ಮರಳಿ ನಿಂತ ಕೂಡಲೇ ಹಳೆಯ ಪೈಪು ಬಿರಿಯುವುದು ಅಪರೂಪವೇನಲ್ಲ.

ಪೈಪು ಬದಲಿಸುವಾಗ ಏನನ್ನು ಬಳಸಬೇಕು? ತೋಟದ ಪೈಪು ನಡೆಯುತ್ತದೆಯೇ?

ನಡೆಯುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಪ್ರತಿ ಮನೆಯ ಅಟ್ಟದಲ್ಲೂ ಹನಿ ನೀರಾವರಿಯ ಕಪ್ಪು ಪೈಪಿನ ಸುರುಳಿ ಇರುವುದರಿಂದ ಈ ಆಸೆ ಹುಟ್ಟುವುದು ಸಹಜ. ಆದರೆ ಅದು ಪಾಲಿಥೀನ್. ತೊಂಬತ್ತು ಡಿಗ್ರಿಯ ನೀರು ಒತ್ತಡದೊಂದಿಗೆ ಹರಿದರೆ ಮೆತ್ತಗಾಗಿ ಉಬ್ಬಿ ಕ್ಲಾಂಪಿನಿಂದ ಜಾರುತ್ತದೆ.

ಹೀಟರಿಗೆಂದೇ ಮಾಡಿದ, ಒಳಗೆ ನೂಲಿನ ಹೆಣಿಗೆಯಿರುವ ರಬ್ಬರ್ ಹೋಸನ್ನು ಹಳೆಯದರ ಒಳಅಳತೆಗೆ ಸರಿಯಾಗಿ ತರಬೇಕು. 16 ಮಿಲಿಮೀಟರ್ ಅಳತೆ ಸಾಮಾನ್ಯ. ಉದ್ದದ ಭಾಗಕ್ಕೆ ತಾಮ್ರದ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಪೈಪು ಹಾಕಿ ತುದಿಗಳಲ್ಲಿ ಮಾತ್ರ ಹೋಸು ಬಳಸುವುದು ಇನ್ನೂ ಒಳ್ಳೆಯದು. ಲೋಹದ ಪೈಪಿನ ತುದಿಯಲ್ಲಿ ಉಬ್ಬಿದ ಅಂಚು ಇರಬೇಕು, ಇಲ್ಲವಾದರೆ ಹೋಸು ಕಳಚಿಕೊಳ್ಳುತ್ತದೆ. ಸೈಲೆನ್ಸರಿನಿಂದಲೂ ಪ್ರೊಪೆಲರ್ ಶಾಫ್ಟಿನಿಂದಲೂ ದೂರ ಕಟ್ಟಿ, ತಗಡಿನ ರಂಧ್ರ ದಾಟುವಲ್ಲಿ ರಬ್ಬರ್ ಗ್ರಾಮೆಟ್ (ರಂಧ್ರದ ಅಂಚಿಗೆ ಕೂರುವ ಬಳೆ) ಹಾಕಿಸಿ.

ಕಾಯಿಲು ಕಟ್ಟಿದ್ದರೆ ತೊಳೆಯಬಹುದೇ?

ಬಹುದು, ಆದರೆ ನೀರು ದಿನವೂ ಹರಿಯುವ ದಿಕ್ಕಿಗೆ ವಿರುದ್ಧವಾಗಿ. ಎರಡೂ ಹೋಸು ಕಳಚಿ, ನೀರು ಹೊರಬರುವ ಬಾಯಿಗೆ ನಲ್ಲಿಯ ಪೈಪು ಸೇರಿಸಿ, ಮೆಲ್ಲನೆ ನೀರು ಬಿಟ್ಟು, ಇನ್ನೊಂದು ಬಾಯಿಯಿಂದ ಬರುವ ಕೆಂಪು ನೀರು ತಿಳಿಯಾಗುವವರೆಗೆ ಹರಿಸಬೇಕು. ಹಳೆಯ ಕಾಯಿಲುಗಳು ತಾಮ್ರ ಮತ್ತು ಹಿತ್ತಾಳೆಯವು, ಬೆಸುಗೆ ಹಾಕಿದವು. ಕಂಪ್ರೆಸರಿನ ಗಾಳಿ ಊದಿದರೆ ಬೆಸುಗೆ ಬಿಡುತ್ತದೆ. ಅಲ್ಯುಮಿನಿಯಂ ಕಾಯಿಲಿಗೆ ಆಸಿಡ್ ಹಾಕುವುದಂತೂ ಕೂಡದು. ತೊಳೆದ ಮೇಲೂ ಒಂದು ಹೋಸು ತಣ್ಣಗೇ ಉಳಿದರೆ ಕಾಯಿಲು ಬದಲಿಸುವುದೇ ಸರಿ. ಸೋರಿಕೆ ನಿಲ್ಲಿಸುವ ಪುಡಿಯನ್ನು ರೇಡಿಯೇಟರಿಗೆ ಹಾಕಿದ ಚರಿತ್ರೆಯುಳ್ಳ ಗಾಡಿಗಳಲ್ಲಿ ಇದು ಸಾಮಾನ್ಯ. ಆ ಪುಡಿ ರಂಧ್ರ ಮುಚ್ಚುವುದರೊಂದಿಗೆ ಕಾಯಿಲಿನ ಸಣ್ಣ ನಾಳಗಳನ್ನೂ ಮುಚ್ಚುತ್ತದೆ.

ಬಾವಿಯ ನೀರು ಹಾಕಿದರೆ ಆಗದೇ?

ದಾರಿಯಲ್ಲಿ ಬೇರೆ ಗತಿಯಿಲ್ಲದಾಗ ಯಾವ ಒಳ್ಳೆಯ ನೀರಾದರೂ ಆದೀತು. ನಿತ್ಯದ ಬಳಕೆಗೆ ಬೇಡ. ಕಡಲ ಹತ್ತಿರದ ಬಾವಿಗಳಲ್ಲಿ ಬೇಸಿಗೆಗೆ ಉಪ್ಪು ಏರುತ್ತದೆ, ಬೋರ್‌ವೆಲ್ಲಿನ ಗಡಸು ನೀರು ಬಿಸಿಯಾದಾಗ ಪದರ ಕಟ್ಟುತ್ತದೆ, ಯಾವ ಬರಿಯ ನೀರಿನಲ್ಲೂ ತುಕ್ಕು ತಡೆಯುವ ಗುಣವಿಲ್ಲ. ಬ್ಯಾಟರಿ ಅಂಗಡಿಯಲ್ಲಿ ಸಿಗುವ ಡಿಸ್ಟಿಲ್ಡ್ ವಾಟರಿಗೆ ಅಷ್ಟೇ ಪ್ರಮಾಣದ ಎಥಿಲೀನ್ ಗ್ಲೈಕಾಲ್ ಕೂಲಂಟ್ ಬೆರೆಸಿ ಹಾಕಿ. ಸಮಪಾಲಿನ ಈ ಮಿಶ್ರಣ ಸುಮಾರು -37 ಡಿಗ್ರಿಯವರೆಗೆ ಹೆಪ್ಪುಗಟ್ಟುವುದಿಲ್ಲ; ನಮ್ಮೂರಿಗೆ ಅದು ಬೇಕಿಲ್ಲದಿದ್ದರೂ ಹಿಮಾಲಯದ ಯಾತ್ರೆಗೆ ಬೇಕು. ಬರಿಯ ನೀರು ತುಂಬಿದ ಗಾಡಿಯನ್ನು ಅಂಥ ಕಡೆ ರಾತ್ರಿ ನಿಲ್ಲಿಸಿದರೆ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಕಾಯಿಲನ್ನಷ್ಟೇ ಅಲ್ಲ, ಎಂಜಿನ್ನಿನ ಬ್ಲಾಕನ್ನೂ ಸೀಳಬಹುದು.

ತೆಗೆದ ಕೂಲಂಟನ್ನು ಅಂಗಳದಲ್ಲಿ ಚೆಲ್ಲಬೇಡಿ. ಅದರ ರುಚಿ ಸಿಹಿ. ನಾಯಿ, ಬೆಕ್ಕು, ಕರು ನೆಕ್ಕಿದರೆ ಪ್ರಾಣಕ್ಕೆ ಅಪಾಯ.

ಘಟ್ಟ ಹತ್ತುವಾಗ ಬಿಸಿ, ಇಳಿಯುವಾಗ ತಣ್ಣಗೆ. ಇದು ದೋಷವೇ?

ಡೀಸೆಲ್ ಗಾಡಿಯಾದರೆ ಬಹುಮಟ್ಟಿಗೆ ದೋಷವಲ್ಲ. ಕುಮಟೆಗೆ ಇಳಿಯುವಾಗ ಕಾಲು ಆಕ್ಸಿಲರೇಟರಿನ ಮೇಲಿರುವುದಿಲ್ಲ, ಗೇರಿನಲ್ಲೇ ಗಾಡಿ ಇಳಿಯುತ್ತದೆ, ಎಂಜಿನ್ನಿನಲ್ಲಿ ಡೀಸೆಲ್ ಉರಿಯುವುದೇ ಇಲ್ಲ ಎನ್ನುವಷ್ಟು ಕಡಿಮೆ. ಹಾಗೆಂದು ಹೀಟರಿಗಾಗಿ ನ್ಯೂಟ್ರಲ್ ಮಾಡುವ ಯೋಚನೆ ಬೇಡ. ನಿಂತಾಗ ತಣ್ಣಗಾಗಿ, ರೇಸ್ ಕೊಟ್ಟಾಗ ಬಿಸಿ ಬರುವುದು ಮಾತ್ರ ದೋಷವೇ: ನೀರು ಕಡಿಮೆಯಿದೆ, ಪಂಪಿನ ಎಲೆಗಳು ಸವೆದಿವೆ ಅಥವಾ ಕಾಯಿಲು ಅರೆ ಕಟ್ಟಿದೆ.

ವ್ಯಾಕ್ಯೂಮಿನಿಂದ, ಅಂದರೆ ಎಂಜಿನ್ನು ಗಾಳಿ ಹೀರುವ ಸೆಳೆತದಿಂದ, ನಡೆಯುವ ವಾಲ್ವಿರುವ ಹಳೆಯ ಪೆಟ್ರೋಲ್ ವ್ಯಾನುಗಳಲ್ಲಿ ಏರಿನಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ವ್ಯಾಕ್ಯೂಮ್ ಬೀಳುತ್ತದೆ. ಬಿರುಕುಬಿಟ್ಟ ಸಣ್ಣ ಪೈಪೊಂದಿದ್ದರೆ ಏರಿನುದ್ದಕ್ಕೂ ವಾಲ್ವು ತಾನೇ ಸ್ಥಾನ ಬದಲಿಸುತ್ತಿರುತ್ತದೆ.

ಹಿಂದಿನ ಬ್ಲೋವರ್ ತಿರುಗುವುದೇ ಇಲ್ಲ, ಅಥವಾ ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗುತ್ತದೆ.

ಕೊನೆಯ ಸ್ಪೀಡಿನಲ್ಲಿ ಮಾತ್ರ ತಿರುಗಿದರೆ ರೆಸಿಸ್ಟರ್ ಸುಟ್ಟಿದೆ. ಕಡಿಮೆ ಸ್ಪೀಡುಗಳ ಕರೆಂಟು ಅದರ ಮೂಲಕ ಹೋಗುತ್ತದೆ, ಕೊನೆಯದ್ದು ನೇರ ಹೋಗುತ್ತದೆ. ಬದಲಿಸುವಾಗ ಮೋಟರನ್ನೂ ಕೈಯಿಂದ ತಿರುಗಿಸಿ ನೋಡಿ, ಬಿಗಿಯಾಗಿದ್ದರೆ ಹೊಸ ರೆಸಿಸ್ಟರೂ ಬೇಗ ಸುಡುತ್ತದೆ.

ಏನೂ ತಿರುಗದಿದ್ದರೆ ಫ್ಯೂಸು, ರಿಲೇ, ಆಮೇಲೆ ಮೋಟರಿನ ಸಾಕೆಟ್ಟಿನಲ್ಲಿ ಟೆಸ್ಟ್ ಲ್ಯಾಂಪು. ದೀಪ ಹತ್ತಿಯೂ ಮೋಟರ್ ತಿರುಗದಿದ್ದರೆ ಅರ್ಥ್ ವೈರನ್ನು ಸಂಶಯಿಸಿ. ಹಿಂದಿನ ತಗಡಿಗೆ ಬಿಗಿದ ಅದರ ಬೋಲ್ಟಿನ ಸುತ್ತ ತುಕ್ಕು ಹಿಡಿದಿರುತ್ತದೆ. ಮರಳುಕಾಗದದಿಂದ ಉಜ್ಜಿ ಗ್ರೀಸು ಹಚ್ಚಿ ಬಿಗಿದರೆ ಸಾಕು. ಸೀಟಿನ ಕೆಳಗಿರುವ ಬ್ಲೋವರಿನ ಬಾಯಲ್ಲಿ ಗೋಕರ್ಣದ ಮರಳು, ಶೇಂಗಾ ಸಿಪ್ಪೆ, ಬಸ್ ಟಿಕೆಟ್, ಒಮ್ಮೊಮ್ಮೆ ಇಲಿಯ ಗೂಡು, ಎಲ್ಲವೂ ಸಿಗುತ್ತವೆ.

ಫ್ಯೂಸು ಪದೇ ಪದೇ ಹೋಗುತ್ತಿದ್ದರೆ ಅದಕ್ಕಿಂತ ದೊಡ್ಡ ಫ್ಯೂಸನ್ನೋ ತಂತಿಯನ್ನೋ ಹಾಕುವುದು ಗಾಡಿಗೆ ಬೆಂಕಿ ಇಟ್ಟಂತೆ. ಆಗ ಕರಗುವುದು ಫ್ಯೂಸಲ್ಲ, ಸೀಟಿನ ಅಡಿಯ ವೈರು.

ಹೀಟರ್ ಹಾಕಿದಾಗ ಗಾಜಿಗೆ ಮಬ್ಬು ಹೆಚ್ಚಾಗುತ್ತದೆ. ಹೀಗೇಕೆ?

ಒಳಗಿನ ಗಾಳಿಯನ್ನೇ ತಿರುಗಿಸುವಂತೆ ಇಟ್ಟಿದ್ದರೆ ಒದ್ದೆ ಬಟ್ಟೆ, ಛತ್ರಿಗಳ ತೇವ ಹೊರಗೆ ಹೋಗುವುದಿಲ್ಲ. ಹೊರಗಾಳಿ ಬಿಡಿ, ಎಸಿ ಇದ್ದರೆ ಹೀಟರಿನ ಜೊತೆಗೇ ಹಾಕಿ, ಅದು ಗಾಳಿಯ ತೇವವನ್ನು ಹೀರುತ್ತದೆ. ಆದರೆ ಮಬ್ಬನ್ನು ಒರೆಸಿದಾಗ ಜಿಡ್ಡು ಹತ್ತಿದರೆ, ಸಿಹಿ ವಾಸನೆ ಬಂದರೆ, ಹಿಂದಿನ ಕಾರ್ಪೆಟ್ ಬಿಸಿಲಿನ ದಿನವೂ ಒದ್ದೆಯಿದ್ದರೆ, ಕಾಯಿಲು ಸೋರಿ ಕೂಲಂಟಿನ ಆವಿ ಒಳಗೆ ಬರುತ್ತಿದೆ. ಅದನ್ನು ಉಸಿರಾಡುತ್ತ ಕೂರಬಾರದು.

ಹಿಂದೆ ಕೂತವರಿಗೆ ತಲೆನೋವು, ಓಕರಿಕೆ ಬರುತ್ತದೆ. ಘಟ್ಟದ ತಿರುವುಗಳಿಂದ ಇರಬಹುದೇ?

ಇರಬಹುದು, ದೇವಿಮನೆಯ ತಿರುವುಗಳು ಯಾರನ್ನೂ ಬಿಟ್ಟಿಲ್ಲ. ಆದರೆ ನೇರ ರಸ್ತೆಯಲ್ಲೂ, ಕಿಟಕಿ ಮುಚ್ಚಿದಾಗಲೇ ಹಾಗಾದರೆ ಸೈಲೆನ್ಸರಿನ ಹೊಗೆ ಒಳಗೆ ಬರುತ್ತಿದೆಯೆಂದು ತಿಳಿಯಬೇಕು. ಹಿಂದಿನ ಬಾಗಿಲಿನ ರಬ್ಬರ್ ಒಣಗಿ ಬಿರುಕು ಬಿಟ್ಟಿದ್ದರೆ, ನೆಲದ ತಗಡು ತುಕ್ಕಿನಿಂದ ತೂತಾಗಿದ್ದರೆ, ಹೀಟರಿನ ಪೈಪು ಒಳಗೆ ಬರುವ ರಂಧ್ರದ ಗ್ರಾಮೆಟ್ ಬಿದ್ದುಹೋಗಿದ್ದರೆ ಹೊಗೆಗೆ ಅಷ್ಟೇ ಸಾಕು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ನಿದ್ದೆಯಂತೆಯೇ ಬಂದು ಕೊಲ್ಲುತ್ತದೆ. ಅನುಮಾನ ಬಂದ ಕೂಡಲೇ ಕಿಟಕಿಗಳನ್ನೆಲ್ಲ ತೆರೆದು ಎಲ್ಲರನ್ನೂ ಕೆಳಗಿಳಿಸಿ. ದುರಸ್ತಿಯಾಗುವವರೆಗೆ ಆ ವ್ಯಾನಿನಲ್ಲಿ ಜನರನ್ನು ಕೂರಿಸಬೇಡಿ. ಎಂಜಿನ್ನು ಚಾಲೂ ಇಟ್ಟು, ಹೀಟರ್ ಹಾಕಿ ಶೆಡ್ಡಿನೊಳಗೆ ಮಲಗುವುದನ್ನು ಯಾರೂ ಯಾವತ್ತೂ ಮಾಡಬಾರದು.

ದಾರಿಯ ಮಧ್ಯೆ ಹಿಂದಿನ ಪೈಪು ಒಡೆದರೆ ಏನು ಮಾಡುವುದು?

ಎಂಜಿನ್ನು ನಿಲ್ಲಿಸಿ ತಣಿಯಲು ಬಿಡಿ. ಮುಂದಿನ ಕವಲಿನ ಬಳಿ ಹಿಂದಕ್ಕೆ ಹೋಗುವ ಮತ್ತು ಹಿಂದಿನಿಂದ ಬರುವ ಎರಡೂ ಬಾಯಿಗಳಿಗೆ ಬಿರಡೆ ಹಾಕಬೇಕು. ಅದೇ ಅಳತೆಯ ಬೋಲ್ಟನ್ನು ಹೋಸಿನ ತುಂಡಿನೊಳಗೆ ತೂರಿಸಿ ಎರಡು ಕ್ಲಾಂಪು ಬಿಗಿದರೂ ಆಗುತ್ತದೆ. ಎರಡನ್ನೂ ಒಂದು ತುಂಡು ಹೋಸಿನಿಂದ ಜೋಡಿಸುವವರಿದ್ದಾರೆ. ಗಾಡಿ ಮನೆ ಮುಟ್ಟುತ್ತದೆ, ಆದರೆ ನೀರು ಆ ಸುಲಭದ ದಾರಿಯನ್ನೇ ಹಿಡಿದು ಮುಂದಿನ ಹೀಟರ್ ಕೂಡ ತಣ್ಣಗಾಗುತ್ತದೆ. ಮಳೆಗಾಲದಲ್ಲಿ ಎದುರಿನ ಗಾಜಿನ ಮಬ್ಬು ಬಿಡಿಸಲು ಅದು ಬೇಕೇ ಬೇಕು. ಆದ್ದರಿಂದ ಬಿರಡೆಯೇ ಲೇಸು. ಎರಡು ಬಿರಡೆ, ನಾಲ್ಕು ಕ್ಲಾಂಪು, ಐದು ಲೀಟರ್ ನೀರು ವ್ಯಾನಿನಲ್ಲಿ ಇರಲಿ.

ಅರಬೈಲ್ ಘಟ್ಟ ಹತ್ತುವಾಗ ಎಂಜಿನ್ನು ಹೀಟ್ ಆದರೆ ಹೀಟರ್ ಹಾಕಬೇಕು ಎನ್ನುತ್ತಾರೆ, ನಿಜವೇ?

ನಿಜ. ಎರಡೂ ಹೀಟರುಗಳು ಸಣ್ಣ ರೇಡಿಯೇಟರುಗಳೇ ಆದ್ದರಿಂದ ಪೂರ್ಣ ಬಿಸಿ, ಪೂರ್ಣ ಬ್ಲೋವರ್ ಹಾಕಿದರೆ ಎಂಜಿನ್ನಿನ ಬಿಸಿ ಒಂದಷ್ಟು ಇಳಿಯುತ್ತದೆ. ಮೇ ತಿಂಗಳಲ್ಲಿ ಹಿಂದೆ ಕೂತವರು ಶಪಿಸುತ್ತಾರೆ, ಅವರಿಗೆ ಮೊದಲೇ ಹೇಳಿ ಕಿಟಕಿ ತೆಗೆಸಿ. ಇದು ಸುರಕ್ಷಿತವಾಗಿ ನಿಲ್ಲಿಸುವ ಜಾಗ ಸಿಗುವವರೆಗಿನ ಉಪಾಯ ಮಾತ್ರ.

ಉಪಯೋಗಿಸದ ಹಿಂದಿನ ಹೀಟರನ್ನು ತೆಗೆದೇಬಿಡಬಹುದೇ?

ವ್ಯಾನು ಕಾರವಾರ ಮತ್ತು ಭಟ್ಕಳದ ನಡುವೆಯೇ ಓಡುವುದಾದರೆ, ಅಡಿಯ ಪೈಪುಗಳು ತುಕ್ಕು ಹಿಡಿದಿದ್ದರೆ, ತೆಗೆಸುವುದು ತಪ್ಪಲ್ಲ. ಕವಲನ್ನೂ ತೆಗೆದು ಮುಂದಿನ ಹೀಟರಿಗೆ ನೇರ ಹೋಸು ಕೊಡಿಸಿ, ನೆಲದ ರಂಧ್ರಗಳನ್ನು ಮುಚ್ಚಿಸಿ. ಘಟ್ಟದ ಮೇಲೆ ಓಡುವ ಗಾಡಿಯಾದರೆ ಉಳಿಸಿಕೊಳ್ಳಿ.

ಬೇಸಿಗೆಯಲ್ಲಿ ಏನಾದರೂ ಮಾಡಬೇಕೇ?

ತಿಂಗಳಿಗೊಮ್ಮೆ ಹತ್ತು ನಿಮಿಷ ಹಿಂದಿನ ಹೀಟರನ್ನು ಪೂರ್ಣ ಬಿಸಿಗೆ ಇಟ್ಟು ಓಡಿಸಿ; ವಾಲ್ವು ಕಚ್ಚಿಕೊಳ್ಳುವುದಿಲ್ಲ, ನಿಂತ ನೀರಿನ ಕೆಸರು ಕಾಯಿಲಿನಲ್ಲಿ ಕೂರುವುದಿಲ್ಲ. ಮಳೆ ಹಿಡಿಯುವ ಮುನ್ನ, ಮೇ ಕೊನೆಯೊಳಗೆ, ಅಡಿಯ ಪೈಪುಗಳನ್ನು ಸಿಹಿನೀರಿನಲ್ಲಿ ತೊಳೆದು ಒಣಗಿಸಿ, ಬ್ರ್ಯಾಕೆಟ್ಟುಗಳನ್ನು ಸರಿಸಿ ಒಳಗೂ ತುಕ್ಕು ತಡೆಯುವ ಬಣ್ಣ ಬಳಿಸಿ.